ತಿಂಗಳ ಬಾಡಿಗೆಯ ಕತ್ತರಿ

"ಬಾಡಿಗೆ ಕತ್ತರಿ ಹಿಡಿದು ನಾನು ಯಾವತ್ತೂ ಬಟ್ಟೆ ಕತ್ತರಿಸಿಲ್ಲಮ್ಮ," ಎಂದರು ತುಂಬಿದ ಸಭೆಯಲ್ಲಿ ಟೈಲರುಗಳ ಸಂಘದ ಅಧ್ಯಕ್ಷೆ. "ಕೆಲಸ ಇಲ್ಲದ ತಿಂಗಳೂ ನಿಮಗೆ ದುಡ್ಡು ಕಟ್ಟಬೇಕಾ?"

ಅತ್ತಿಗೆಯ ನಗು ಮುಖದಲ್ಲೇ ಉಳಿಯಿತು. ಅಳತೆ ಕೊಟ್ಟರೆ ಅಂಗಿ, ಕೋಟುಗಳ ಕಟಿಂಗ್ ನಕ್ಷೆ ಬಿಡಿಸಿಕೊಡುವ ಸಾಫ್ಟ್‌ವೇರ್ ಬರೆದವಳು ನಾದಿನಿ, ಮಾರುವವಳು ಅತ್ತಿಗೆ. ಮನೆಯ ಮುಂದಿನ ಕೋಣೆಯೇ ಅವರ ಕಂಪನಿ. ಈ ಸಂಘ ಬೇಡವೆಂದರೆ ಕಂಪನಿಗೆ ಬಾಗಿಲು ಹಾಕಿ, ಇಬ್ಬರೂ ಮತ್ತೆ ಯಾರದೋ ಕೈಕೆಳಗೆ ದುಡಿಯಬೇಕಿತ್ತು.

ಅವರಿಬ್ಬರ ಜಗಳವೂ ಇದೇ. ಒಂದೇ ಸಲ ಮಾರಿದರೆ ಇವತ್ತು ಊಟ, ನಾಳೆ ಉಪವಾಸ. ತಿಂಗಳ ಚಂದಾ ಇದ್ದರೆ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುತ್ತದೆ ಎಂದು ಅತ್ತಿಗೆ. ಮಾರಿದ್ದನ್ನು ಕಿತ್ತುಕೊಳ್ಳುವುದು ನನ್ನಿಂದಾಗದು ಎಂದು ನಾದಿನಿ. "ನಮ್ಮಣ್ಣನನ್ನೂ ತಿಂಗಳ ಲೆಕ್ಕಕ್ಕೇ ಇಟ್ಕೊಂಡಿದೀರಾ?" ಎಂದು ಕೆಣಕಿದ್ದಳು ಬೇರೆ. ಕೊನೆಗೆ ಅತ್ತಿಗೆಯ ಮಾತೇ ನಡೆದು, ಚಂದಾ ಮುಗಿದ ದಿನ ಸಾಫ್ಟ್‌ವೇರ್ ತಾನಾಗಿ ನಿಲ್ಲುವಂತೆ ಬೀಗ ಹಾಕುವುದೆಂದು ತೀರ್ಮಾನವಾಗಿತ್ತು.

ಈಗ ಸಭೆಯಲ್ಲಿ ಕುರ್ಚಿಗಳು ಸರಿಯತೊಡಗಿದ್ದವು. ಹಿಂದಿನ ಸಾಲಿನವರು ಚೀಲ ಹೆಗಲಿಗೇರಿಸಿದ್ದರು. ಅತ್ತಿಗೆ ಕೈಯಲ್ಲಿದ್ದ ದರಪಟ್ಟಿಯನ್ನು ಮಡಚಿಟ್ಟಳು.

"ತಿಂಗಳ ಮಾತು ಬಿಡಿ. ಒಂದು ಸಲ ಕೊಂಡ್ಕೊಳ್ಳಿ, ನಿಮ್ಮದೇ ಆಗುತ್ತೆ. ಹೊಸ ಡಿಸೈನ್ ಬಂದಾಗ ಬೇಕಾದವರು ಅದಕ್ಕೆ ಮಾತ್ರ ಕೊಡಿ. ಬೇಡ ಅಂದ್ರೆ ಹಳೇದು ನಡೀತಾನೇ ಇರುತ್ತೆ."

ಅಧ್ಯಕ್ಷೆ ಬಾಯಿಮಾತಿಗೆ ಮರುಳಾಗುವವರಲ್ಲ. ಕಂಪ್ಯೂಟರಿನ ತಾರೀಕನ್ನು ಎರಡು ವರ್ಷ ಮುಂದಕ್ಕೆ ತಳ್ಳಿ ತೋರಿಸಿ ಎಂದರು. ಅತ್ತಿಗೆ ಥಟ್ಟನೆ ನಾದಿನಿಯತ್ತ ತಿರುಗಿದಳು. ಬೀಗ ಒಳಗೇ ಇತ್ತಲ್ಲ! ನಾದಿನಿ ಮಾತ್ರ ತಾರೀಕು ಬದಲಿಸಿ, ಯಾರೂ ಕೇಳದಿದ್ದರೂ ಇಂಟರ್ನೆಟ್ ವೈರನ್ನೂ ಕಿತ್ತಿಟ್ಟಳು. ಪರದೆ ಒಂದು ಗಳಿಗೆ ಕಪ್ಪಾಯಿತು. ಆಮೇಲೆ ಕೋಟಿನ ತೋಳೊಂದು ಗೆರೆ ಗೆರೆಯಾಗಿ ಮೂಡಿತು.

"ಬೀಗ?" ಎಂದು ಅತ್ತಿಗೆ ಪಿಸುಗುಟ್ಟಿದಳು.

"ಹಾಕ್ತೀನಿ ಅಂದಿದ್ದೆ ಅತ್ತಿಗೆ. ಯಾವತ್ತು ಅಂತ ಹೇಳಿರ್ಲಿಲ್ಲ."

ಅತ್ತಿಗೆಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದು, ನಗುವೇ ಗೆದ್ದಿತು. ಎದ್ದವರೆಲ್ಲ ಮೇಜಿನ ಸುತ್ತ ಮುಗಿಬಿದ್ದರು. ನಮ್ಮ ಅಂಗಡಿಗೊಂದು, ನಮ್ಮ ತಂಗಿಯ ಅಂಗಡಿಗೊಂದು ಎಂಬ ಗದ್ದಲದಲ್ಲಿ ಅವಳು ನಾದಿನಿಯ ಕೈಯನ್ನು ಮೇಜಿನಡಿ ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ಸಂತೋಷ ಅವಳಿಗೆ ಈಚೆಗೆ ಆಗಿರಲಿಲ್ಲ.

ಅಧ್ಯಕ್ಷೆ ಪ್ರಿಂಟರಿನಿಂದ ಹೊರಬಂದ ತೋಳಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸವರಿ, ಪೆನ್ಸಿಲ್ ತೆಗೆದು ಅದರ ಮೂಲೆಯಲ್ಲಿ ದಪ್ಪಕ್ಷರದಲ್ಲಿ ತಮ್ಮ ಹೆಸರು ಬರೆದುಕೊಂಡರು.