ಥೇಟ್ ಗಂಡನ ಹಾಗೆ

ಕಟ್ಟುಹಲ್ಲು ಬೇಕಾದವರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನೇ. ಹಾಗಾಗಿ ಬೀದಿಯವರ ಬಾಯಲ್ಲಿ ಅವನು ಹಲ್ಲಪ್ಪ. ಆ ಕಸುಬಿನಲ್ಲೊಂದು ಗುಟ್ಟಿದೆ. ಹಲ್ಲುಗಳನ್ನು ಮುತ್ತು ಪೋಣಿಸಿದ ಹಾಗೆ ಕೂರಿಸಿದರೆ ಯಾರೂ ನಂಬುವುದಿಲ್ಲ. ಹಲ್ಲುಗಳು ಇನ್ನೂ ಮೆತ್ತನೆಯ ಮೇಣದಲ್ಲಿ ಕೂತಿರುವಾಗಲೇ ಒಂದನ್ನು ಕೂದಲೆಳೆಯಷ್ಟು ಸೊಟ್ಟ ಮಾಡಬೇಕು, ಪಕ್ಕದ್ದಕ್ಕೆ ಚೂರು ಹಳದಿ ಹತ್ತಿಸಬೇಕು. "ಆಮೇಲೆ ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗಲ್ಲ ಬಿಡಿ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಮುಂದಿನದು ಗೊತ್ತಿದ್ದರೆ ಯಾವ ಮನುಷ್ಯ ತಾನೇ ನಗುತ್ತಾನೆ?

ಅವನ ಹೆಂಡತಿಗೆ ಮಿದುಳಿನಲ್ಲಿ ನರವೊಂದು ಒಡೆಯಿತು. ಸಾಯುವವಳು ಉಳಿದು ಮನೆಗೆ ಬಂದಳು. ಯಾವ ಡಬ್ಬಿಯಲ್ಲಿ ಏನಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿದಳು, ಪಕ್ಕದ ಮನೆಯಾಕೆಯ ಜೊತೆಗಿನ ಹಳೇ ಜಗಳವನ್ನೂ ನೆನಪಿಟ್ಟುಕೊಂಡಿದ್ದಳು. ಕೈಹಿಡಿದು ಕರೆತಂದ ಗಂಡನನ್ನು ಮಾತ್ರ ಬಾಗಿಲಲ್ಲೇ ತಡೆದಳು. ಅಲ್ಲಿಯವರೆಗೂ ಅವನನ್ನು ಆಸ್ಪತ್ರೆಯ ಆಳು ಎಂದುಕೊಂಡಿದ್ದಳಂತೆ.

"ಬಿಟ್ಟಾಯ್ತಲ್ಲ, ಇನ್ನು ಹೊರಡಿ."

"ಏನೇ ಇದು, ನಾನು ಕಣೇ."

"ಏನೇ ಗೀನೇ ಅನ್ಬೇಡಿ, ನಾನು ಇನ್ನೊಬ್ಬರ ಹೆಂಡತಿ. ನೀವು ಥೇಟ್ ನಮ್ಮೋರ ಹಾಗೇ ಇದೀರಿ, ಇಲ್ಲ ಅನ್ನಲ್ಲ. ಆದ್ರೆ ನಮ್ಮೋರಲ್ಲ."

ತಾನು ತಾನೇ ಎಂದು ಸಾಧಿಸಲು ಅವನು ಪಡಬಾರದ ಪಾಡು ಪಟ್ಟ. ಚಿಕ್ಕಂದಿನಲ್ಲಿ ಮುರಿದು ಸೊಟ್ಟಗಾದ ಕಿರುಬೆರಳನ್ನು ಮುಂದೆ ಹಿಡಿದ. ಅವಳು ತಿರುಗಿಸಿ ತಿರುಗಿಸಿ ನೋಡಿ, "ಇದನ್ನೂ ಬಿಟ್ಟಿಲ್ಲ, ಚೆನ್ನಾಗೇ ಮಾಡಿದಾರೆ" ಎಂದು ಮೆಚ್ಚಿಕೊಂಡಳು. ಕೊನೆಗೆ, ಹುಟ್ಟಿ ಉಳಿಯದ ಮಗುವಿಗೆ ತಾವಿಬ್ಬರೇ ಇಟ್ಟು, ತಾವಿಬ್ಬರೇ ಬಚ್ಚಿಟ್ಟುಕೊಂಡ ಹೆಸರನ್ನು ಅವಳ ಕಿವಿಯಲ್ಲಿ ಹೇಳಿದ. ಅವಳು ಗಳಗಳ ಅತ್ತಳು. ಗೆದ್ದೆ ಎಂದುಕೊಂಡ.

"ಪಾಪ, ಅವರನ್ನ ಎಷ್ಟು ಹಿಂಸೆ ಮಾಡಿದ್ರೋ," ಎಂದಳು. "ಇಲ್ದಿದ್ರೆ ಇದನ್ನ ನಿಮಗೆ ಹೇಳ್ತಿರಲಿಲ್ಲ."

ಮರುದಿನ ಬೆಳಿಗ್ಗೆ ಅವನಿಗೆ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯಲ್ಲಿ ಕಂಡ ಮುಖದ ಬಗ್ಗೆ ಅನುಮಾನ ಹುಟ್ಟಿತು. ನಾನು ನಾನೇ ಎನ್ನಲು ನನ್ನ ಹತ್ತಿರವಾದರೂ ಏನಿದೆ? ಒಂದಿಷ್ಟು ನೆನಪು. ಆ ನೆನಪುಗಳಿದ್ದೂ ನಾನಲ್ಲ ಎನ್ನುತ್ತಾಳಲ್ಲ. ಅಚ್ಚಿನಿಂದ ಬಿಡಿಸಿದ ಹಲ್ಲಿಗೆ ತಾನು ಸುಳ್ಳು ಎಂದು ಗೊತ್ತಿರುತ್ತದೆಯೇ? ದೇವರ ಗೊಡವೆಗೆ ಹೋದವನಲ್ಲ ಅವನು. ಆದರೂ ಅವತ್ತು ಮುಖದ ನೊರೆಯನ್ನೂ ಒರೆಸಿಕೊಳ್ಳದೆ ಕೇಳಿಕೊಂಡ: ನಾನು ಇದ್ದೇನೆ ಅಂತ ನೀನಾದರೂ ಒಂದು ಮಾತು ಹೇಳಪ್ಪ. ನಲ್ಲಿ ತೊಟ್ಟಿಕ್ಕುತ್ತಿತ್ತು.

ಅವಳಂತೂ ಪರಪುರುಷನ ಕೈಯಿಂದ ತುತ್ತು ಮುಟ್ಟಲೊಲ್ಲೆ ಎಂದು ಹಟ ಹಿಡಿದು ಕಡ್ಡಿಯಾದಳು. ಡಾಕ್ಟರರ ಹತ್ತಿರ ಓಡಿದ.

"ಮುಖ ಗೊತ್ತಾಗುತ್ತೆ, ಇವರು ನಮ್ಮೋರು ಅನ್ನೋ ಭಾವನೆ ಮಾತ್ರ ಹುಟ್ಟಲ್ಲ," ಎಂದರು ಡಾಕ್ಟರು. "ದನಿಯ ದಾರಿ ಬೇರೆ. ಮುಖ ಕಾಣದ ಕಡೆಯಿಂದ ಫೋನ್ ಮಾಡಿ ನೋಡಿ."

ಮನೆಯ ಹಿಂದಿನ ಕೆಲಸದ ಕೋಣೆಯಲ್ಲಿ, ಪ್ಲಾಸ್ಟರಿನ ದವಡೆಗಳ ನಡುವೆ ನಿಂತು, ಮನೆಗೇ ಫೋನ್ ಮಾಡಿದ.

"ರೀ," ಎಂದಳು ಅವಳು. "ಎಲ್ಲಿ ಹಾಳಾಗಿ ಹೋಗಿದ್ರಿ?"

ಆ ಒಂದು 'ರೀ' ಇನ್ನೊಮ್ಮೆ ಕೇಳಲೆಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಮನೆಯಲ್ಲಿರುವವರು ಒಳ್ಳೆಯವರು, ತಾನೇ ಕಳಿಸಿದ್ದು, ಅವರು ಕೊಟ್ಟದ್ದನ್ನು ಉಣ್ಣು ಎಂದು ಹೇಗೋ ಹೇಳಿದ. ಒಳಗೆ ಹೋಗಿ ತಟ್ಟೆ ಹಿಡಿದಾಗ ಅವಳು ಸುಮ್ಮನೆ ತೆಗೆದುಕೊಂಡಳು.

"ನಮ್ಮೋರು ಹೇಳಿದಾರೆ, ಅದಕ್ಕೆ ತಿಂತೀನಿ ಅಣ್ಣ."

ಕಟ್ಟಿಕೊಂಡವಳ ಬಾಯಲ್ಲಿ ಅಣ್ಣ ಎನ್ನಿಸಿಕೊಂಡವನ ಸಂಕಟ ಶತ್ರುವಿಗೂ ಬೇಡ. ಆದರೂ ಅವಳು ಉಂಡಳಲ್ಲ ಎಂದು ಅದನ್ನೂ ನುಂಗಿಕೊಂಡ.

ಹೀಗೇ ದಿನಗಳು ಹೋದವು. ಮರೆಯಲ್ಲಿ ನಿಂತು ಮಾತಾಡಿದರೆ ಗಂಡ, ಎದುರು ಬಂದರೆ ಯಾರೋ. ದೇವರ ಪಾಡೂ ಇಷ್ಟೇ ಇರಬೇಕು, ಎದುರು ಬಂದರೆ ನಾವೇ ಅಟ್ಟುತ್ತೇವೆ ಎಂದು ಒಂದು ದಿನ ಅನ್ನಿಸಿ, ಜೊತೆಗೊಬ್ಬ ಸಿಕ್ಕ ಹಾಗೆ ಸಮಾಧಾನವಾಯಿತು. ಬೆನ್ನಿಗೇ ಭಯವೂ ಆಯಿತು. ಹಾಗಾದರೆ ಅವನೂ ನನ್ನ ಹಾಗೇ ಕೈಲಾಗದವನು. ಉಣ್ಣು ಎನ್ನಬಹುದು, ನಾಳೆ ಬರುತ್ತೇನೆ ಎನ್ನಬಹುದು, ಬರಲಾರ.

ನಾಳೆ ಬರುತ್ತೇನೆ ಎಂದು ಗಂಡ ಫೋನಿನಲ್ಲಿ ಹೇಳಿದಾಗಲೆಲ್ಲ ಅವಳು ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು ಕೂರುತ್ತಿದ್ದಳು. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಅವನ ಭುಜದಾಚೆಗೆ ಕತ್ತು ಚಾಚಿ, ಹಿಂದೆ ಇನ್ಯಾರಾದರೂ ಬಂದರೇ ಎಂದು ನೋಡುತ್ತಿದ್ದಳು. ಅದನ್ನು ಎಷ್ಟು ಸಲ ತಾನೇ ನೋಡಲಾದೀತು? ಒಂದು ದಿನ ತಡೆಯಲಾರದೆ ಫೋನಿನಲ್ಲೇ ನಿಜ ಹೇಳಿಬಿಟ್ಟ.

"ನಾನು ಬಂದಾಗಿದೆ ಕಣೇ. ಮನೇಲಿರೋನು ನಾನೇ."

"ನಿಮ್ಮ ಕೈಲೂ ಹೀಗೆ ಹೇಳಿಸ್ತಿದಾರಾ?" ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಇಲ್ಲ, ದನೀನೂ ಮಾಡ್ಕೊಂಡ್ಬಿಟ್ಟಿದಾರೆ" ಎಂದು ಫೋನ್ ಇಟ್ಟುಬಿಟ್ಟಳು.

ಮರುದಿನ ಮಧ್ಯಾಹ್ನ ಫೋನ್ ಮಾಡಿದರೆ ಎತ್ತಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ನಿಲ್ಲಿಸುವುದನ್ನೂ ಮರೆತು ಒಳಗೆ ಓಡಿದ. ಹೊಡೆದುಕೊಳ್ಳುತ್ತಿದ್ದ ಫೋನಿನ ಪಕ್ಕದಲ್ಲೇ ಅವಳು ಕೂತಿದ್ದಳು. ತಲೆ ಬಾಚಿರಲಿಲ್ಲ.

"ಫೋನ್ ಬರ್ತಿದೆ... ಎತ್ತಲ್ವಾ?"

"ಎತ್ತಿ ಏನ್ಮಾಡೋದು ಅಣ್ಣ? ಅಲ್ಲಿ ಯಾರೂ ಇಲ್ಲ. ಇದ್ದಿದ್ರೆ ಇಷ್ಟರಲ್ಲಿ ಬರ್ತಿದ್ರು. ಹೋಗಿಬಿಟ್ಟಿದಾರೆ, ನಂಗ್ಯಾರೂ ಹೇಳ್ತಿಲ್ಲ ಅಷ್ಟೆ."

ಅವನು ಬೆನ್ನ ಹಿಂದೆ ಮೊಬೈಲನ್ನು ಒತ್ತಿ ನಿಲ್ಲಿಸಿದ. ಅವಳ ಪಕ್ಕದ ಫೋನೂ ನಿಂತಿತು. ಆಗ ಅವಳು ಸೆರಗು ಬಾಯಿಗೊತ್ತಿಕೊಂಡು, ಸತ್ತ ಗಂಡನಿಗಾಗಿ ಅಳಲು ಶುರುಮಾಡಿದಳು. ಅವನು ಪಕ್ಕದಲ್ಲಿ ಕೂತ. ಬೆನ್ನು ಸವರೋಣವೆಂದು ಕೈ ಎತ್ತಿದ. ಅವಳು ಮುದುಡಿ ಅತ್ತ ಸರಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.