ಕಡೆಯ ನಳ

“ಒಂದು ಅಕ್ಷರಾನೂ ಕೆಡಿಸಬ್ಯಾಡ್ರಿ. ಕೆಳಗಿಂದು ಮ್ಯಾಲ ಒಯ್ರಿ, ಮ್ಯಾಲಿಂದು ಕೆಳಗ ತರ್ರಿ. ಅಷ್ಟೇ,” ಎಂದು ಪ್ರಿನ್ಸಿಪಾಲರು ಹಾಳೆಯನ್ನು ಸಂಘಪಾಲನ ಮುಂದೆ ಸರಿಸಿದರು.

ಅಷ್ಟೇ! ಅವನಿಗೆ ಮೈ ಉರಿಯಿತು. ಹುಮನಾಬಾದಿನ ಈ ಕಾಲೇಜಿನಲ್ಲಿ ಅವನು ಆರು ವರ್ಷದಿಂದ ಅತಿಥಿ ಉಪನ್ಯಾಸಕ. ಆರು ವರ್ಷ ಉಳಿದವನನ್ನು ಇನ್ಯಾರು ಅತಿಥಿ ಎನ್ನುತ್ತಾರೆ? ಮುಂದಿನ ವರ್ಷವೂ ಬಸವಕಲ್ಯಾಣದಿಂದ ಬಸ್ಸು ಹತ್ತಿ ಬರಬೇಕೋ ಬೇಡವೋ ಎಂದು ಬರೆಯುವ ಕೈಯೇ ಈಗ ಹಾಳೆ ಸರಿಸಿತ್ತು.

ಹಾಳೆ ಬಿ.ಎ. ಎರಡನೆಯ ವರ್ಷದ ಮನೀಷಾಳದು. ಕಾಲೇಜಿನ ವಾರ್ಷಿಕ ಸಂಚಿಕೆಗೆ ‘ನಮ್ಮೂರು’ ಎಂದು ಒಂದು ಪ್ಯಾರಾ. ಊರಲ್ಲಿ ನೀರು ಬಿಡುವ ಸರದಿ ಹಿಡಿದು ಬರೆದಿದ್ದಳು, ಆದರೆ ಹಿಂದಿನಿಂದ. “ನಮ್ಮ ಕೇರಿಯ ನಳಕ್ಕೆ ಎಲ್ಲರದೂ ಆದ ಮೇಲೆ ನೀರು ಬರುತ್ತದೆ; ಬಾರದ ದಿನ ಅವ್ವ ಖಾಲಿ ಕೊಡಗಳನ್ನು ಸಾಲಿನಲ್ಲೇ ಬಿಟ್ಟು ಕೂಲಿಗೆ ಹೋಗುತ್ತಾಳೆ.” ಇದು ಮೊದಲ ವಾಕ್ಯ. ಅಲ್ಲಿಂದ ಪೈಪಿನ ಗುಂಟ ಏರುತ್ತ, ಕುರಿಯವರ ಓಣಿ, ಅಂಗಡಿ ಸಾಲು, ದೊಡ್ಡ ಮನೆಗಳ ಗಲ್ಲಿ ದಾಟಿ, ನೀರಿನ ಟಾಕಿಯ ಬುಡದ ಗುಡಿಗೆ ಬಂದು ಪ್ಯಾರಾ ನಿಲ್ಲುತ್ತಿತ್ತು.

“ಊರಂದ್ರ ಗುಡಿಯಿಂದ ಸುರು ಆಗ್ತದ್ರಿ. ಖಾಲಿ ಕೊಡ ಮೊದಲ ಇಟ್ರ ಓದೋರಿಗೆ ಹ್ಯಾಂಗ ಅನಸ್ತದ? ತೆಗೀರಿ ಅಂತ ನಾ ಅಂದಿಲ್ಲ. ಕಡೀಕ ಇರ್ಲಿ.”

“ಪ್ಯಾರಾ ಕೆಡ್ತದ್ರಿ ಸರ್.”

“ಮುಂದಿನ ವರ್ಷದ್ದು ನಿಮ್ಮ ಕಾಗದಾನೂ ಇದೇ ವಾರ ಕಳಸೋದದ. ನೆನಪದ ನನಗ.”

ಅವನು ಹಾಳೆ ಎತ್ತಿಕೊಂಡ.

ಪ್ಯಾರಾ ಕಟ್ಟುವ ಬಗೆಯನ್ನು ಕಲಿಸಿದವನು ಅವನೇ. ಕಾಲದ ಕ್ರಮ, ಕಾರಣದ ಕ್ರಮ, ಜಾಗದ ಕ್ರಮ. ‘ನೀವು ನಿಂತಲ್ಲಿಂದ ಸುರು ಮಾಡ್ರಿ’ ಎಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳಿದ್ದ. ಸರ್ ಎಲ್ಲಿ ನಿಂತಿದ್ದಾರೆಂದು ಯಾರೂ ಕೇಳಲಿಲ್ಲ. ಬಸವಕಲ್ಯಾಣದಲ್ಲಿ ಬಾಡಿಗೆ ಮನೆಯ ಮಾಲೀಕ ನಿಮ್ಮೂರು ಹೇಗಿದೆ ಎಂದು ಕೇಳಿದಾಗ, ಅವನು ಡಾಂಬರು ರಸ್ತೆ, ಸಾಲಿ, ಪಂಚಾಯಿತಿ ಎಂದು ಹೇಳುತ್ತ ಬಂದು, ತನ್ನ ಕೇರಿಯ ತಿರುವಿನಲ್ಲಿ ಸುಮ್ಮನಾಗಿದ್ದ.

ವರಾಂಡದಲ್ಲಿ ಮನೀಷಾ ಅಡ್ಡ ಬಂದಳು.

“ಸರ್, ನಂದು ಬರ್ತದಲ್ರಿ?”

“ಬರ್ತದವ್ವ.”

“ಹ್ಯಾಂಗ ಬರ್ದೀನೋ ಹಂಗೇರಿ?”

“ಒಂದು ಶಬ್ದಾನೂ ತೆಗೆದಿಲ್ಲ.”

“ಹಂಗಂದ್ರ ಬ್ಯಾರೆ ಏನೋ ಮಾಡೀರಿ,” ಎಂದು ನಕ್ಕಳು. “ನಮ್ಮವ್ವಗ ಹೇಳೀನ್ರಿ, ನೀ ಮೊದಲನೇ ಸಾಲಿನ್ಯಾಗೇ ಬರ್ತಿ ಅಂತ. ‘ಇಷ್ಟು ವರ್ಷದಾಗ ಎಲ್ಲ್ಯಾರ ನಂದು ಮೊದಲ ಪಾಳಿ ಬಂತಲ್ಲ ಬಿಡು’ ಅಂದಳ್ರಿ.”

ಅವನು ಗಡಿಯಾರ ನೋಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದ. ಬಸ್ಸಿಗೆ ಇನ್ನೂ ಎರಡು ತಾಸಿತ್ತು.

ಮುದ್ರಣದ ಅಂಗಡಿಯಲ್ಲಿ ಕಂಪ್ಯೂಟರಿನ ಮೇಲೆ ಪುಟ ಕೂಡಿಸುವ ದೇವಿದಾಸ, ವಾಕ್ಯಗಳನ್ನು ಅದಲುಬದಲು ಮಾಡಿ ಮುಗಿಸಿದ. ಗುಡಿ ನೆತ್ತಿಗೇರಿತು. ಕೇರಿ ಬುಡಕ್ಕಿಳಿಯಿತು.

“ಕಡೀ ಮಾತು ಪೇಜಿನ ಹೊರಗ ಹೊಂಟದ್ರಿ ಸರ್. ಎರಡು ಸಾಲು ಒಳಗ, ಅರ್ಧ ಸಾಲು ಹೊರಗ.”

“ಅಕ್ಷರ ಸಣ್ಣ ಮಾಡ್ರಿ.”

“ಎಲ್ಲಾ ಪೇಜೂ ಒಂದೇ ಸೈಜ್ ಇರ್ಬೇಕಂತ ನಿಮ್ಮ ಸಾಹೇಬ್ರು ತಾಕೀದು ಮಾಡ್ಯಾರ. ಅರ್ಧ ಸಾಲಿಗಂತ ಹೊಸ ಪೇಜು ಹ್ಯಾಂಗ ಹಚ್ಚಲಿ? ಆ ಮಾತೇ ತೆಗೀಲೇನು?”

ಗುಡಿಯ ಮಾತನ್ನು ಕಡಿಮೆ ಮಾಡ್ರಿ ಎನ್ನುವುದು ನಾಲಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಥೂ, ಎಂಥ ಮನುಷ್ಯ ತಾನು! ಅವನು ಮುಖ ತಿರುಗಿಸಿ ರಸ್ತೆ ನೋಡಿದ. ಬೆನ್ನ ಹಿಂದೆ ಕೀಲಿಮಣೆಯ ಒಂದು ಗುಂಡಿ ಟಕ್ಕೆಂದಿತು.

“ಈಗ ಕುಂತದ ನೋಡ್ರಿ. ಆದ್ರ ಬುಡಕ ಎರಡು ಸಾಲಿನ ಜಾಗ ಖಾಲಿ ಬಿತ್ತು. ಭಣಭಣ ಅಂತದ. ಒಂದು ಹೂವ ಕೂಡಸ್ಲೇನ್ರಿ?”

ಸಂಘಪಾಲ ರಸ್ತೆಯಿಂದ ಇತ್ತ ತಿರುಗಿದ.

ಪರದೆಯ ಮೇಲೆ ಹೂವೊಂದು ಬಂದು ಕೂತಿತು. ಬೇರಿಲ್ಲ, ಟೊಂಗೆಯಿಲ್ಲ. ದೇವಿದಾಸ ಅದನ್ನು ನಡುವಿಗೆ ಎಳೆದ, ಅಡ್ಡಡ್ಡ ಹಿಗ್ಗಿಸಿದ, ಮತ್ತೂ ಹಿಗ್ಗಿಸಿದ. ಎಸಳು ಹರಿಯುವಷ್ಟು ಚಾಚಿಕೊಂಡರೂ ಎರಡೂ ಕಡೆ ಜಾಗ ಇನ್ನೂ ಉಳಿದಿತ್ತು.