ಕಣ್ಣಲ್ಲಿ ಹಿಡಿದ ಗಾಜು

ವಾಚಿಗೆ ಹೊಸ ಬೆಲ್ಟು ಹಾಕಿಸಿಕೊಂಡ ಗಿರಾಕಿ ಹೊರಡುವಾಗ ಮೆಚ್ಚುಗೆಯಿಂದಲೇ ಕೇಳಿದ್ದ: "ಒಳಗೆ ರಿಪೇರಿ ಮಾಡ್ತಾರಲ್ಲ, ನಿಮ್ಮ ತಾಯೀನಾ? ಈ ವಯಸ್ಸಲ್ಲೂ ಎಂಥಾ ಕೈ ಅವರದು!"

ಗಲ್ಲಾದಲ್ಲಿದ್ದ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆ ತಂಗಿಗೆ ಹೇಳಿ ಇನ್ನೊಮ್ಮೆ ನಕ್ಕ. ಬೀದಿಯವರೆಲ್ಲ ವಾಚಿನಕ್ಕ ಎಂದು ಕರೆಯುವ ಅವನ ಹೆಂಡತಿ ಮಾತ್ರ ನಗಲಿಲ್ಲ. ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೆ ಯಾವುದನ್ನೂ ತಲೆಗೆ ಹಚ್ಚಿಕೊಳ್ಳದ ಅವನ ಮುಖ ಇಸ್ತ್ರಿ ಮಾಡಿದ ಅಂಗಿಯಂತೆ ನುಣ್ಣಗಿತ್ತು.

ಅವಳ ಮುಖದ ಗೆರೆಗಳು ಕೆಲಸದಿಂದ ಬಂದವು. ಕಪ್ಪು ಕವಚದ ಪುಟ್ಟ ಭೂತಗನ್ನಡಿಯನ್ನು ಬಲಗಣ್ಣಿನ ಗುಳಿಗೆ ಒತ್ತಿ, ಹುಬ್ಬು ಇಳಿಸಿ, ಕೆನ್ನೆ ಏರಿಸಿ, ಕಣ್ಣಿನ ಸುತ್ತಲ ಸ್ನಾಯುವಿನಿಂದಲೇ ಹಿಡಿಯುವುದನ್ನು ಅಪ್ಪ ಕಲಿಸಿದ್ದ. ಗಾಜು ನಿಲ್ಲಲೆಂದು ತಲೆಗೆ ತಂತಿ ಕಟ್ಟಿಕೊಳ್ಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗಾಜು ಕೂತ ಕೂಡಲೇ ಬೀದಿಯ ಸದ್ದು ದೂರವಾಗುತ್ತಿತ್ತು. ಹಿತ್ತಾಳೆಯ ಚಕ್ರಗಳು ಬಿಸಿಲು ಬಿದ್ದ ಕೊಳಗಳಾಗುತ್ತಿದ್ದವು. ಚಕ್ರದ ಅಚ್ಚು ತಿರುಗುವ ಕೆಂಪು ಹರಳುಗಳಲ್ಲಿ ಯಾರೋ ದೀಪ ಹಚ್ಚಿಟ್ಟು ಒಳಮನೆಗೆ ಹೋದಂತೆ ಕಾಣುತ್ತಿತ್ತು. ಗಾಜಿನೊಳಗಿನ ಆ ಊರಿನಲ್ಲಿ ಅವಳಿಗೆ ವಯಸ್ಸೇ ಇರಲಿಲ್ಲ.

ಬೀದಿಯ ಕೊನೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ನಾದಿನಿ ಮರುದಿನವೇ ಬಂದಳು.

"ಅಣ್ಣನ ಬಾಯಿಗೆ ಬೀಗ ಇಲ್ಲ, ಬಿಡಿ ಅತ್ತಿಗೆ. ಭಾನುವಾರ ನಮ್ಮಲ್ಲಿಗೆ ಬನ್ನಿ. ಒಬ್ಬರು ಮೇಡಂ ಬಂದು ಸುಕ್ಕಿನ ಇಂಜೆಕ್ಷನ್ ಹಾಕ್ತಾರೆ. ಇರುವೆ ಕಚ್ಚಿದಷ್ಟೇ ನೋವು."

"ಡಾಕ್ಟ್ರಾ ಅವರು?"

"ಡಾಕ್ಟ್ರ ಹತ್ರ ಕೆಲಸಕ್ಕಿದ್ರಂತೆ."

"ನಿಮ್ಮಣ್ಣನೂ ಇಷ್ಟು ವರ್ಷದಿಂದ ನನ್ನ ಹತ್ರಾನೇ ಕೂತಿದಾರೆ. ವಾಚು ಬಿಚ್ಚೋಕೆ ಬರುತ್ತಾ?"

ಇಬ್ಬರೂ ನಕ್ಕರು. ಆದರೂ ಭಾನುವಾರ ಅವಳು ಹೋದಳು. ತಾಯೀನಾ ಎಂಬ ಮಾತು ಬಟ್ಟೆಗೆ ಅಂಟಿದ ಮುಳ್ಳಿನಂತೆ ಜೊತೆಗೇ ಬಂದಿತ್ತು.

ಪಾರ್ಲರಿನ ಪರದೆ ಎಳೆದಿತ್ತು. ಪರದೆಯ ಗುಲಾಬಿ ಬಣ್ಣ ಬೆಳಕಿಗೂ ಹತ್ತಿ, ಕುರ್ಚಿಗಳಲ್ಲಿ ಒರಗಿದ್ದ ಹೆಂಗಸರು ನೀರಿನಡಿಯಲ್ಲಿ ನಿದ್ದೆ ಹೋದವರಂತೆ ತೋರುತ್ತಿದ್ದರು. ಮೇಡಂ ಐಸು ತುಂಬಿದ ತಿಂಡಿ ಡಬ್ಬಿಯಿಂದ ಬಾಟಲಿ ತೆಗೆದರು. ಅದರ ಚೀಟಿ ನೆನೆದು ಕಿತ್ತುಹೋಗಿತ್ತು. ಅಷ್ಟರಲ್ಲಾಗಲೇ ಬಾಟಲಿ ಅರ್ಧ ಖಾಲಿ. ಅವಳ ಕಣ್ಣಿಗೆ ಇದೆಲ್ಲ ಬಿತ್ತು, ಮನಸ್ಸಿಗೆ ತಾಕಲಿಲ್ಲ.

"ಕಣ್ಣು ಮುಚ್ಚಿ. ಏನೂ ಯೋಚನೆ ಮಾಡ್ಬೇಡಿ," ಎಂದಿತು ಜೇನಿನಂಥ ದನಿ.

ಯಾವ ಮಾತ್ರೆ ನುಂಗುತ್ತೀರಿ, ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಸೂಜಿ ಹುಬ್ಬುಗಳ ನಡುವೆ ಚುಚ್ಚಿತು, ಕಣ್ಣಂಚಿನಲ್ಲಿ ಚುಚ್ಚಿತು. ಹೊರಬಂದಾಗ ಬೀದಿ ತೊಳೆದಿಟ್ಟಂತೆ ಹಗುರವಾಗಿತ್ತು. ಮನೆಗೆ ಹೋಗಲು ಮನಸ್ಸಾಗದೆ ಅಂಗಡಿಯ ಬಾಗಿಲು ತೆರೆದು, ಅರ್ಧಕ್ಕೆ ಬಿಟ್ಟಿದ್ದ ವಾಚಿನ ಮುಂದೆ ಕೂತಳು. ಎಂದಿನಂತೆ ಗಾಜನ್ನು ಕಣ್ಣಿಗೆ ಒತ್ತಿಕೊಂಡಳು. ಚುಚ್ಚಿದ ಜಾಗಗಳ ಮೇಲೆಯೇ ಅದರ ಅಂಚು ಕೂತಿತ್ತು. ಒತ್ತಿದರೆ ಔಷಧಿ ಹರಡೀತು, ಒತ್ತಬಾರದೆಂದು ಹೇಳಿದವರಿಲ್ಲ; ಒತ್ತುವವಳೆಂದು ಮೇಡಂಗೆ ಗೊತ್ತೂ ಇರಲಿಲ್ಲ. ಸಂಜೆಯವರೆಗೂ ಅವಳು ಕೆಂಪು ದೀಪಗಳ ಊರಿನಲ್ಲಿ ಸುತ್ತಾಡಿದಳು.

ಆ ವಾರದ ಕೊನೆಗೆ ಗೆರೆಗಳು ಮಾಸಿದವು. ಜೊತೆಗೆ ಬಲರೆಪ್ಪೆಯೂ ಇಳಿಯಿತು. ಬೆಳಿಗ್ಗೆ ಗಾಜು ಇಟ್ಟರೆ ಜಾರಿತು. ಮತ್ತೆ ಇಟ್ಟಳು. ಅದು ಬಿಚ್ಚಿಟ್ಟ ವಾಚಿನ ಮೇಲೆ ಬಿದ್ದು, ಕೂದಲಿನಂಥ ಸ್ಪ್ರಿಂಗು ಸೊಟ್ಟಗಾಯಿತು.

"ರೀ," ಎಂದಳು. ಗಂಡ ತಿರುಗಿ ನೋಡಿದ. ಈ ಸಲ ಅವನಿಗೆ ನಗು ಬರಲಿಲ್ಲ. ಅವನೇ ಬಾಗಿಲು ಹಾಕಿ, ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರು ಅವಳಷ್ಟೇ ವಯಸ್ಸಿನ ಹೆಂಗಸು. ಅವರು ಮೊದಲು ಕೇಳಿದ್ದು ಕಣ್ಣಿನ ವಿಷಯವಲ್ಲ.

"ನುಂಗೋಕೆ ಕಷ್ಟ ಇದೆಯಾ? ಉಸಿರಾಡೋಕೆ? ಮಾತು ತೊದಲುತ್ತಾ? ಒಂದು ಎರಡಾಗಿ ಕಾಣುತ್ತಾ?"

"ಇಲ್ಲ."

"ಹಾಗೇನಾದ್ರೂ ಆದ್ರೆ ನನ್ನ ದಾರಿ ಕಾಯ್ಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ. ಏನು ಔಷಧಿ ಹಾಕಿದ್ರು? ಎಷ್ಟು?"

ಅದನ್ನು ತಿಳಿಯಲೆಂದು ಗಂಡ ತಂಗಿಗೆ ಫೋನು ಮಾಡಿದ. ಮೇಡಂ ಫೋನು ಎತ್ತುತ್ತಿಲ್ಲವೆಂದು ನಾದಿನಿ ಅಳುದನಿಯಲ್ಲಿ ಹೇಳಿದಳು.

"ನೀನೂ ಹಾಕಿಸ್ಕೊಂಡ್ಯಲ್ಲ, ನಿಂಗೆ ಊಟ ಗಂಟಲಲ್ಲಿ ಇಳೀತಿದೆಯೇನೇ?"

"ಊಟ ಇಳೀತಿದೆ ಅಣ್ಣ. ಮರ್ಯಾದೇನೂ ಇಳೀತಿದೆ."

"ಮರ್ಯಾದೆ ಆಮೇಲೆ ಎತ್ಕೊಳ್ಳೋಣ. ಅವತ್ತು ಬಂದವರಿಗೆಲ್ಲ ಈಗಲೇ ಫೋನ್ ಮಾಡಿ ಕೇಳು. ಯಾರಿಗಾದ್ರೂ ಗಂಟಲು, ಉಸಿರು ತೊಂದರೆ ಇದ್ರೆ ಆಸ್ಪತ್ರೆಗೆ ಕಳಿಸು."

ಡಾಕ್ಟರು ಆಗ ಕೇಳಿದರು: "ನೀವು ಏನು ಕೆಲಸ ಮಾಡ್ತೀರಮ್ಮ?"

ಅವಳು ಚೀಲದಿಂದ ಗಾಜು ತೆಗೆದು ತೋರಿಸಿದಳು, ಚುಚ್ಚಿಸಿಕೊಂಡ ದಿನವೇ ಅದನ್ನು ಕಣ್ಣಿಗೆ ಒತ್ತಿಕೊಂಡದ್ದನ್ನೂ ಹೇಳಿದಳು. ಡಾಕ್ಟರು ಅದನ್ನು ಕೈಯಲ್ಲಿ ತಿರುಗಿಸಿ ನಿಟ್ಟುಸಿರಿಟ್ಟರು. "ನೀವು ಹಿಡಿಯೋ ಸ್ನಾಯುವನ್ನೇ ಅವರು ಮಲಗಿಸಿಬಿಟ್ಟಿದಾರೆ. ರೆಪ್ಪೆ ಇಳಿದದ್ದು ಅವರು ಚುಚ್ಚಿದ ರೀತಿಯಿಂದಲೋ, ನೀವು ಒತ್ತಿದ್ದರಿಂದಲೋ, ಹೇಳೋಕಾಗಲ್ಲ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಸರಿಹೋಗುತ್ತೆ. ಬಾಟಲಿಯಲ್ಲಿ ಏನಿತ್ತೋ ಗೊತ್ತಿಲ್ಲದೆ ಮಾತು ಕೊಡಲಾರೆ."

ಆ ತಿಂಗಳುಗಳು ಅರ್ಧ ಎಳೆದ ಪರದೆಯ ಹಿಂದೆ ಕಳೆದವು. ಬಲಗಡೆಯ ಜಗತ್ತಿಗೆ ಮೇಲ್ಭಾಗವೇ ಇರಲಿಲ್ಲ. ಮನುಷ್ಯರು ಎದೆಯವರೆಗೆ ಬಂದು ನಿಲ್ಲುತ್ತಿದ್ದರು, ಮರಗಳು ಬೊಡ್ಡೆಗೇ ಮುಗಿಯುತ್ತಿದ್ದವು. ಎಡಗಣ್ಣಿಗೆ ಗಾಜು ಇಟ್ಟು ನೋಡಿದಳು. ಆ ಕಣ್ಣಿನ ಮಾತು ಕೈ ಕೇಳಲಿಲ್ಲ. ಗಂಡ ತಂತಿ ಬಗ್ಗಿಸಿ ತಲೆಪಟ್ಟಿ ಮಾಡಿಕೊಟ್ಟ. ಗಾಜು ನಿಂತಿತು, ರೆಪ್ಪೆ ನಿಲ್ಲಲಿಲ್ಲ. ರಿಪೇರಿಯ ವಾಚುಗಳನ್ನು ಅವನು ಇನ್ನೊಂದು ಅಂಗಡಿಗೆ ಒಯ್ದು, ಮಾಡಿಸಿ ತರುತ್ತಿದ್ದ. ಅವಳು ಗಲ್ಲಾದಲ್ಲಿ ಕೂತು ಬೆಲ್ಟು ಮಾರಿದಳು. ಕಣ್ಣು ಹೀಗೇ ಉಳಿದರೆ ಎಂಬ ಯೋಚನೆ ಬಂದಾಗಲೆಲ್ಲ, ಆ ಹಿತ್ತಾಳೆಯ ಕೊಳಗಳು ತಾನಿಲ್ಲದೆ ಒಣಗುತ್ತಿರುವಂತೆ ಅನ್ನಿಸುತ್ತಿತ್ತು.

ರೆಪ್ಪೆ ಎದ್ದದ್ದು ಮಂಜು ಕರಗಿದ ಹಾಗೆ, ಯಾವಾಗ ಎಂದು ತಿಳಿಯದಂತೆ. ಗಾಜು ಮೊದಮೊದಲು ಒಂದು ಉಸಿರಿನಷ್ಟು ಹೊತ್ತು ನಿಂತು ಅಂಗೈಗೆ ಬೀಳುತ್ತಿತ್ತು. ಒಂದು ಮಧ್ಯಾಹ್ನ ಬೀಳಲಿಲ್ಲ. ಅವಳು ಅಂದು ಸೊಟ್ಟಗಾಗಿದ್ದ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ, ಸುರುಳಿ ಸುರುಳಿಯಾಗಿ ತಿದ್ದುತ್ತ, ಊಟದ ಕರೆಗೂ ಓಗೊಡಲಿಲ್ಲ.

ಇಷ್ಟಾದ ಮೇಲೆ ಅವಳು ಮತ್ತೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಡಾಕ್ಟರ ಹತ್ತಿರ ಹೊರಟಾಗ ನಾದಿನಿ ಬಾಯಿ ಬಿಟ್ಟಳು. "ಅತ್ತಿಗೆ, ಬುದ್ಧಿ ಬರ್ಲಿಲ್ವಾ?"

"ಬಂತಲ್ಲ, ಅದಕ್ಕೇ ಅಲ್ಲಿಗೆ ಹೋಗ್ತಿದೀನಿ. ಹುಬ್ಬಿನ ಮಧ್ಯದ ಗೆರೆ ಮತ್ತೆ ಬಂದಿದೆ, ಅದು ನಂಗೆ ಬೇಡ ಕಣೆ. ಗಿರಾಕಿಗಳ ಮೇಲೆ ಕೋಪ ಮಾಡ್ಕೊಂಡ ಹಾಗೆ ಕಾಣುತ್ತೆ."

ಡಾಕ್ಟರು ಬೇಡವೆನ್ನಲಿಲ್ಲ. ಅವಳ ಮಾತ್ರೆಗಳ ವಿಷಯ ಕೇಳಿದರು. ನರ, ಸ್ನಾಯುವಿನ ಕಾಯಿಲೆ ಇದೆಯೇ ಎಂದು ಕೇಳಿದರು. ಆಮೇಲೆ "ಗಾಜು ಹಾಕ್ಕೊಳ್ಳಿ" ಎಂದರು. ಅವಳು ಹಿಡಿದಳು. ಅವರು ಬಿಳಿ ಪೆನ್ಸಿಲಿನಿಂದ ಅವಳ ಕಣ್ಣಿನ ಸುತ್ತ, ದುಡಿಯುವ ಸ್ನಾಯುವಿನ ಗಡಿಯುದ್ದಕ್ಕೂ ಗೆರೆ ಎಳೆದರು.

"ಇದರೊಳಗೆ ನಾನು ಬರಲ್ಲ. ಕಣ್ಣಂಚಿನ ಗೆರೆ ಹೀಗೇ ಇರುತ್ತೆ, ಒಪ್ಪಿಗೇನಾ?"

"ಇರ್ಲಿ."

"ಮಧ್ಯಕ್ಕೆ ಸ್ವಲ್ಪವೇ ಹಾಕ್ತೀನಿ. ಆದರೂ ರೆಪ್ಪೆ ಇನ್ನೊಮ್ಮೆ ಇಳಿಯೋದೇ ಇಲ್ಲ ಅಂತ ಹೇಳಲಾರೆ. ಇವತ್ತು, ನಾಳೆ ಗಾಜು ಮುಟ್ಟಬಾರದು."

"ಅದು ನನ್ನ ಜೇಬಲ್ಲಿರುತ್ತೆ ಡಾಕ್ಟ್ರೇ," ಎಂದ ಬಾಗಿಲ ಬಳಿ ನಿಂತಿದ್ದ ಗಂಡ.

ಡಾಕ್ಟರು ಸೀಲು ಒಡೆಯದ ಡಬ್ಬಿ ತೋರಿಸಿ, ಔಷಧಿಯ ಹೆಸರನ್ನೂ ಅವಧಿ ಮುಗಿಯುವ ತಾರೀಕನ್ನೂ ಓದಿದರು. ಅವಳು ಸೂಜಿಯನ್ನು ಒಮ್ಮೆ ನೋಡಬೇಕೆಂದಳು. ಡಾಕ್ಟರು ನಕ್ಕು ಹಿಡಿದರು. ಗಾಜಿನಲ್ಲಿ ಅದು ಮೊದಲು ಬರೀ ಹೊಗೆಯಾಗಿತ್ತು. ಹತ್ತಿರವಾಗುತ್ತ, ಒಂದು ದೂರದಲ್ಲಿ, ತಟ್ಟನೆ ಸ್ಪಷ್ಟವಾಯಿತು: ಓರೆಯಾಗಿ ಕೊಯ್ದ ತುದಿ, ಒಳಗೆ ಕೊಳವೆಯ ಕತ್ತಲು, ತುದಿಯಲ್ಲಿ ಕೊಠಡಿಯ ಕಿಟಕಿಯನ್ನೇ ತಲೆಕೆಳಗಾಗಿ ಹೊತ್ತ ಒಂದು ಹನಿ.

ತೃಪ್ತಿಯಾಗುವಷ್ಟು ನೋಡಿ ಅವಳು ಗಾಜು ತೆಗೆದು ಗಂಡನ ಕೈಗಿಟ್ಟಳು. "ಹಾಕಿ," ಎಂದಳು. ಕಣ್ಣು ಮುಚ್ಚಲಿಲ್ಲ.